ಮೈತೂಕದಲ್ಲಿ ವಂಶದ ಪಾಲೆಷ್ಟು?

ಮದ್ದೂರಿನ ಬಳಿಯ ಶಿವಪುರವೆಂದೊಡನೆ ವಾಚಕರಿಗೆ 1938ರ ಧ್ವಜ ಸತ್ಯಾಗ್ರಹ ನೆನಪಾಗುವುದು ಸಹಜ. ನಾನು ಇಲ್ಲಿ ಹೇಳಹೊರಟಿರುವುದು ಅಂದಿನವರ ಧೈರ್ಯದ ಮಾತಲ್ಲ, ಮೈಕಟ್ಟಿನ ಮಾತು. ರಾಗಿಮುದ್ದೆ, ಸೊಪ್ಪಿನ ಸಾರು ಉಂಡು ಬೆಳಗಿನಿಂದ ಬೈಗಿನವರೆಗೆ ಹೊಲಗೆಯ್ಯುತ್ತಿದ್ದ ಸೀಮೆ ಅದು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿಯಿತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಂಪನಿ ಬಂದಿತು. ಬತ್ತವೂ ಕಬ್ಬೂ ಹಬ್ಬಿದವು. ಮುಂದೆ ಪಂಪುಸೆಟ್ಟು, ಟ್ರ್ಯಾಕ್ಟರುಗಳಿಂದ ಮೈದುಡಿಮೆ ಇಳಿಯಿತು. ಇಂದು ಮೊಮ್ಮಕ್ಕಳ ಕಾಲಕ್ಕೆ ಬೊಜ್ಜು, ಸಕ್ಕರೆ ಕಾಯಿಲೆ ಅಪರೂಪವಲ್ಲ. ಎರಡು ತಲೆಮಾರಿನಲ್ಲಿ ವಂಶ ಬದಲಾಗದು. ಬದಲಾದದ್ದು ಊಟ ಮತ್ತು ದುಡಿಮೆ.

ಹಾಗಾದರೆ ‘ಅಜ್ಜಿಯ ಮೈಕಟ್ಟು’ ಎನ್ನುವ ಮಾತು ಸುಳ್ಳೆ? ಅದೂ ಅಲ್ಲ. ಕೆನಡಾದ ಕ್ಲಾಡ್ ಬೂಶಾರ್ ಮತ್ತು ಸಂಗಡಿಗರು ಏಕರೂಪದ ಅವಳಿ ತರುಣರ 12 ಜೋಡಿಗಳಿಗೆ 84 ದಿನ, ದಿನಕ್ಕೆ 1000 ಕ್ಯಾಲೊರಿ ಹೆಚ್ಚಾಗಿ ಉಣಿಸಿ, 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬನ ತೂಕ 4 ಕಿಲೋ ಏರಿದರೆ ಇನ್ನೊಬ್ಬನದು 13 ಕಿಲೋ. ಆದರೆ ಒಂದೇ ಜೋಡಿಯ ಅವಳಿಗಳ ಏರಿಕೆ ಬಹುಮಟ್ಟಿಗೆ ಸಮನಾಗಿತ್ತು. 2007ರಲ್ಲಿ ಎಫ್.ಟಿ.ಒ. ಎಂಬ ವಂಶವಾಹಿಗೂ ಸ್ಥೂಲತೆಗೂ ಇರುವ ನಂಟು ಬೆಳಕಿಗೆ ಬಂದಿತು. ಅದರ ಒಂದು ರೂಪವನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರು ಸರಾಸರಿ 3 ಕಿಲೋ ಹೆಚ್ಚು ತೂಗುತ್ತಾರೆ.

ತಾಯಿಯಿಂದ ಬರುವುದೆಲ್ಲ ವಂಶವಾಹಿಯೇ ಎನ್ನುವಂತೆಯೂ ಇಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ನವಜಾತ ಶಿಶುಗಳ ತೂಕವನ್ನು ಬರೆದಿಟ್ಟಿತ್ತು. ಆ ಶಿಶುಗಳು ನಡುವಯಸ್ಸಿಗೆ ಬಂದಾಗ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತೆಂದು 1998ರಲ್ಲಿ ವರದಿಯಾಯಿತು. ಗರ್ಭದ ಪೋಷಣೆಯನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ತೂಕ ಇಳಿಸುವ ಮಾತು. 2016ರಲ್ಲಿ 8 ಪ್ರಯೋಗಗಳ 9,563 ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಲಾಯಿತು. ಎಫ್.ಟಿ.ಒ.ದ ಆ ರೂಪವುಳ್ಳವರೂ ಪಥ್ಯ, ವ್ಯಾಯಾಮ, ಔಷಧಗಳಿಂದ ಉಳಿದವರಷ್ಟೇ ಇಳಿದಿದ್ದರು. ಆದ್ದರಿಂದ ‘ನಮ್ಮ ವಂಶವೇ ಹೀಗೆ’ ಎಂದು ಕೈಚೆಲ್ಲಲು ಕಾರಣವಿಲ್ಲ.

ಕಷ್ಟವಿರುವುದು ಇಳಿದದ್ದನ್ನು ಉಳಿಸಿಕೊಳ್ಳುವುದರಲ್ಲಿ. 1994ರಲ್ಲಿ ಲೆಪ್ಟಿನ್ ಎಂಬ ರಸದ ವಂಶವಾಹಿ ಪತ್ತೆಯಾಯಿತು. ಕೊಬ್ಬು ಹೊರಡಿಸುವ ಈ ರಸ ಮಿದುಳಿಗೆ ಮೈಯ ದಾಸ್ತಾನಿನ ಸುದ್ದಿ ಮುಟ್ಟಿಸುತ್ತದೆ. ಕೊಬ್ಬು ಕರಗಿದಾಗ ಲೆಪ್ಟಿನ್ ಇಳಿಯುತ್ತದೆ. ಬರಗಾಲ ಬಂದಿತೆಂದು ಬಗೆದು ಮೈ ಹಸಿವನ್ನು ಏರಿಸಿ ಖರ್ಚನ್ನು ತಗ್ಗಿಸುತ್ತದೆ. ಹಳೆಯ ತೂಕದತ್ತ ಎಳೆಯುವ ಈ ಸೆಳೆತ ಎಲ್ಲರಲ್ಲೂ ಒಂದೇ ಬಲದ್ದಲ್ಲ. ಅದರಲ್ಲಿ ವಂಶಕ್ಕೂ ಪಾಲುಂಟು.

ತರಗತಿಗಳಲ್ಲಿ ದಪ್ಪನೆಯ ಹುಡುಗ ಹುಡುಗಿಯರು ಗೇಲಿಗೆ ಗುರಿಯಾಗುವುದನ್ನು ನಾನು ಕಂಡಿದ್ದೇನೆ. ಪಥ್ಯ ಮಾಡಿ ಇಳಿದವರು ಮತ್ತೆ ಏರಿದರೆ ‘ಬಾಯಿಚಪಲ’ ಎಂಬ ಬಿರುದು ಬೇರೆ! ಒಂದೇ ನಾಲೆಯ ನೀರುಂಡರೂ ಎಲ್ಲ ಬೀಜದ ಪೈರು ಒಂದೇ ಎತ್ತರಕ್ಕೆ ಬೆಳೆಯದೆಂದು ನಮ್ಮ ರೈತ ಬಲ್ಲ. ರಕ್ತದ ಒತ್ತಡವುಳ್ಳವರಿಗೆ ವರ್ಷಾನುಗಟ್ಟಲೆ ಔಷಧವೂ ಆರೈಕೆಯೂ ಬೇಕೆಂದು ಒಪ್ಪುವ ನಾವು, ತೂಕ ಇಳಿಸಿದವರಿಗೂ ಅಷ್ಟೇ ದೀರ್ಘಕಾಲದ ನೆರವನ್ನು ಕೊಡುವುದು ನ್ಯಾಯ.