ಅಂಗಮರ್ದನದಿಂದ ಸ್ವತಂತ್ರ ನಿರ್ಣಯಕ್ಕೆ: ಇಂಗ್ಲೆಂಡಿನ ಭೌತಚಿಕಿತ್ಸಾ ಶಿಕ್ಷಣದ ಇತಿಹಾಸ

ಒಂದು ವೃತ್ತಿಯ ಶಿಕ್ಷಣಪ್ರಮಾಣಗಳು ಅದರ ಕೌಶಲದಿಂದಲೇ ಹುಟ್ಟುವುವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಫಿಸಿಯೋಥೆರಪಿ ಎಂದು ಈಗ ಪ್ರಸಿದ್ಧವಾಗಿರುವ ಭೌತಚಿಕಿತ್ಸೆಯ ವಿಷಯದಲ್ಲಿ, ಇಂಗ್ಲೆಂಡಿನ ಮಟ್ಟಿಗಾದರೂ, ಈ ಮಾತು ಸಲ್ಲುವುದಿಲ್ಲ. ಅಲ್ಲಿ ಪ್ರಮಾಣಗಳಿಗೆ ಕಾರಣವಾದುದು ಮಾನರಕ್ಷಣೆಯ ಚಿಂತೆ.

ಲಂಡನ್ನಿನ ಕೆಲವು ಅಂಗಮರ್ದನ ಗೃಹಗಳು ಅನೈತಿಕ ವ್ಯವಹಾರಕ್ಕೆ ಮರೆಯಾಗಿವೆಯೆಂದು 1894ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಆಕ್ಷೇಪವೆತ್ತಿತು. ಶುಶ್ರೂಷೆ ಮತ್ತು ಪ್ರಸೂತಿಕಾರ್ಯಗಳಲ್ಲಿ ತರಬೇತಿ ಪಡೆದಿದ್ದ ಲೂಸಿ ರಾಬಿನ್ಸನ್, ರೊಸಾಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ಮಹಿಳೆಯರು ಅದೇ ವರ್ಷ ತರಬೇತಾದ ಅಂಗಮರ್ದಕಿಯರ ಸಂಘವನ್ನು ಸ್ಥಾಪಿಸಿದರು. ಅವರು ವಿಧಿಸಿಕೊಂಡ ನಿಯಮಗಳು ಗಮನಾರ್ಹವಾಗಿವೆ. ವೈದ್ಯರ ನಿರ್ದೇಶನವಿಲ್ಲದೆ ಚಿಕಿತ್ಸೆ ಕೂಡದು. ವೈದ್ಯರು ವಿಶೇಷವಾಗಿ ಕೋರಿದ ತುರ್ತಿನ ಸಂದರ್ಭಗಳನ್ನುಳಿದು ಪುರುಷರಿಗೆ ಸರ್ವಾಂಗಮರ್ದನ ಸಲ್ಲದು. ವೈದ್ಯಕೀಯ ಪತ್ರಿಕೆಗಳಲ್ಲಲ್ಲದೆ ಜಾಹೀರಾತು ಕೂಡದು. ರೋಗಿಗಳಿಗೆ ಔಷಧವನ್ನು ಮಾರಕೂಡದು. ಈ ನಾಲ್ಕರಲ್ಲಿ ಒಂದಾದರೂ ಕೈಯ ನೈಪುಣ್ಯವನ್ನು ಕುರಿತುದಲ್ಲ. ಗೌರವವನ್ನು ಗಳಿಸುವುದಕ್ಕಾಗಿ ಅವರು ನಿರ್ಣಯಾಧಿಕಾರವನ್ನು ವೈದ್ಯರಿಗೆ ಒಪ್ಪಿಸಿದರು. ಅಂದಿನ ಸಮಾಜದಲ್ಲಿ ಆ ಮಹಿಳೆಯರಿಗೆ ಬೇರೆ ದಾರಿಯಿತ್ತೆಂದು ನನಗೆ ತೋರುವುದಿಲ್ಲ. ಆದರೆ ಆ ಒಪ್ಪಂದದ ಬೆಲೆಯನ್ನು ಮುಂದಿನ ಮೂರು ತಲೆಮಾರುಗಳು ತೆರಬೇಕಾಯಿತು.

ಪುರುಷರನ್ನು ಕುರಿತ ನಿಯಮವನ್ನು ಮೊದಲನೆಯ ಮಹಾಯುದ್ಧವೇ ಸಡಿಲಿಸಿತು. 1914ರಲ್ಲಿ ಏರ್ಪಟ್ಟ ಆಲ್ಮೆರಿಕ್ ಪ್ಯಾಜೆಟ್ ಅಂಗಮರ್ದನ ದಳದ ಸ್ತ್ರೀಯರು ಗಾಯಾಳು ಸೈನಿಕರನ್ನು ಉಪಚರಿಸಿದರು. ದೃಷ್ಟಿ ಕಳೆದುಕೊಂಡ ಯೋಧರಿಗೆ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆಯು ಈ ವಿದ್ಯೆಯನ್ನು ಕಲಿಸಿತೆಂಬುದನ್ನೂ ಇಲ್ಲಿ ಸ್ಮರಿಸಬಹುದು. 1920ರಲ್ಲಿ ರಾಜಸನ್ನದು ದೊರೆಯಿತು. 1944ರಲ್ಲಿ ಸಂಘವು ಭೌತಚಿಕಿತ್ಸೆಯ ಹೆಸರನ್ನು ಧರಿಸಿತು. ಹೆಸರು ಬದಲಾದರೂ ವೈದ್ಯರ ನಿರ್ದೇಶನದ ಕಟ್ಟುಪಾಡು ಉಳಿಯಿತು. ಇಂಥ ಚಿಕಿತ್ಸೆಯನ್ನು ಇಷ್ಟು ದಿನ ಕೊಡತಕ್ಕದ್ದೆಂದು ವೈದ್ಯರು ಬರೆದರೆ, ಸ್ನಾಯು ಮತ್ತು ಕೀಲುಗಳನ್ನು ಹೆಚ್ಚು ಹೊತ್ತು ಪರೀಕ್ಷಿಸಿದವರೂ ಅದನ್ನೇ ನೆರವೇರಿಸಬೇಕಾಗಿತ್ತು.

ಈ ಸ್ಥಿತಿಯನ್ನು ಬದಲಿಸಿದುದು 1977ರ ಸರ್ಕಾರಿ ಸುತ್ತೋಲೆ. ರೋಗಿಯನ್ನು ವೈದ್ಯರು ಕಳುಹಿಸಿದರೂ ಚಿಕಿತ್ಸೆಯ ಸ್ವರೂಪವನ್ನು ನಿರ್ಧರಿಸುವ ಸಾಮರ್ಥ್ಯ ಹಾಗೂ ಹೊಣೆ ಚಿಕಿತ್ಸಕರದೆಂದು ಅದು ಅಂಗೀಕರಿಸಿತು. ಇಲ್ಲಿಂದ ಮುಂದೆ ಶಿಕ್ಷಣದ ಪ್ರಶ್ನೆಯೇ ಬೇರೆಯಾಯಿತು. ಆಜ್ಞೆಯನ್ನು ನೆರವೇರಿಸುವವರಿಗೆ ಹಸ್ತಕೌಶಲವೂ ಅಂಗರಚನೆಯ ಜ್ಞಾನವೂ ಸಾಕಾಗಬಹುದು. ನಿರ್ಣಯಿಸುವವರಾದರೋ, ಬೆನ್ನುನೋವೆಂದು ಬಂದವನಲ್ಲಿ ಅರ್ಬುದದ ಅಥವಾ ನರಸಂಪೀಡನದ ಲಕ್ಷಣವನ್ನು ಗುರುತಿಸಬಲ್ಲವರಾಗಿರಬೇಕು. ತಮ್ಮ ವಿದ್ಯೆ ಎಲ್ಲಿ ನಿಲ್ಲುತ್ತದೆಂಬುದನ್ನೂ ಅರಿತಿರಬೇಕು. ತಪ್ಪಿದರೆ ಹಾನಿ ರೋಗಿಗೆ.

1980ರ ದಶಕದ ಕೊನೆಯಿಂದ ಮೂಳೆಚಿಕಿತ್ಸಾ ವಿಭಾಗಗಳಲ್ಲಿ, ಶಸ್ತ್ರವೈದ್ಯರ ಭೇಟಿಗಾಗಿ ಕಾಯುತ್ತಿದ್ದ ರೋಗಿಗಳನ್ನು ಅನುಭವಿ ಭೌತಚಿಕಿತ್ಸಕರೇ ಮೊದಲು ಪರೀಕ್ಷಿಸುವ ಪದ್ಧತಿ ಬೆಳೆಯಿತು. ಕಾಯುವವರಲ್ಲಿ ಅನೇಕರಿಗೆ ಶಸ್ತ್ರಕ್ರಿಯೆಯೇ ಬೇಕಿರಲಿಲ್ಲವೆಂಬುದು ಇದಕ್ಕೆ ಆಧಾರ. ಕ್ಷಕಿರಣಪರೀಕ್ಷೆಗೆ ಬರೆಯುವುದು, ಕೀಲಿಗೆ ಚುಚ್ಚುಮದ್ದು ಕೊಡುವುದು ಕ್ರಮೇಣ ಅವರ ಕೈಸೇರಿದುವು. 2013ರಲ್ಲಿ ವಿಶೇಷ ತರಬೇತಿ ಹೊಂದಿದವರಿಗೆ ಸ್ವತಂತ್ರವಾಗಿ ಔಷಧ ಬರೆಯುವ ಹಕ್ಕೂ ಬಂದಿತು. ಅಧಿಕಾರಗಳು ಮುಂದೆ ನಡೆದುವು, ಪ್ರಮಾಣಗಳು ಹಿಂದೆ ಉಳಿದುವು. ಒಂದೇ ಹುದ್ದೆಯ ಹೆಸರು ಒಂದು ಆಸ್ಪತ್ರೆಯಲ್ಲಿ ಒಂದು ಅರ್ಥವನ್ನೂ ಮತ್ತೊಂದರಲ್ಲಿ ಬೇರೊಂದನ್ನೂ ಹೊಂದಿರುತ್ತಿತ್ತು. ಇಂಗ್ಲೆಂಡಿನ ಆರೋಗ್ಯಶಿಕ್ಷಣ ಸಂಸ್ಥೆಯು 2017ರಲ್ಲಿ ಹೊರತಂದ ಚೌಕಟ್ಟು ಈ ಗೊಂದಲಕ್ಕೆ ಉತ್ತರ. ಸ್ನಾತಕೋತ್ತರ ಮಟ್ಟದ ಸಾಮರ್ಥ್ಯವನ್ನೂ, ಚಿಕಿತ್ಸೆ, ನಾಯಕತ್ವ, ಬೋಧನೆ, ಸಂಶೋಧನೆ ಎಂಬ ನಾಲ್ಕು ಆಧಾರಗಳನ್ನೂ ಅದು ಅಪೇಕ್ಷಿಸುತ್ತದೆ. ರೋಗಿಗಳಿಂದ ತುಂಬಿದ ಚಿಕಿತ್ಸಾಲಯದಲ್ಲಿ ಸಂಶೋಧನೆಗೆ ಬಿಡುವೆಲ್ಲಿ ಎಂಬ ಶಂಕೆ ಸಹಜವೇ.

ಭಾರತವು ಇದೇ ಸಮಸ್ಯೆಯನ್ನು ಶಾಸನದ ಮೂಲಕ ಎದುರಿಸಿದೆ. ಭೌತಚಿಕಿತ್ಸಕರನ್ನು ಒಳಗೊಂಡ 2021ರ ರಾಷ್ಟ್ರೀಯ ಅಧಿನಿಯಮವು ಆರೋಗ್ಯವೃತ್ತಿಪರರ ಪದವಿಗೆ 3,600 ಗಂಟೆಗಳಿಗೆ ಕಡಿಮೆಯಿಲ್ಲದ ವ್ಯಾಸಂಗವನ್ನು ವಿಧಿಸುತ್ತದೆ. ಅದು ಎಣಿಸುವುದು ವೃತ್ತಿಪ್ರವೇಶಕ್ಕೆ ಬೇಕಾದ ಕಾಲವನ್ನು. ಇಂಗ್ಲೆಂಡಿನ ಚೌಕಟ್ಟು ತೂಗುವುದು ವೃತ್ತಿಯಲ್ಲಿ ನುರಿತವರ ನಿರ್ಣಯಶಕ್ತಿಯನ್ನು.