ಅಂಗಳವಿಲ್ಲದ ಮಸೀದಿ

ಮೊನ್ನೆ ಊರಿಗೆ ಹೋದಾಗ, ಐವಾನ್-ಎ-ಶಾಹಿ ಹತ್ತಿರದ ಮನೆಯಲ್ಲಿ ಚಿಕ್ಕಮ್ಮನ ಮಗ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಗೇಮ್ ಕಂಪನಿಗೆ ಕಳಿಸೋ ಪೋರ್ಟ್‌ಫೋಲಿಯೋ, ಎರಡೇ ದಿನ ಬಾಕಿ. ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಯ ತ್ರೀಡಿ ಮಾದರಿ.

"ಅಣ್ಣಾ, ಹೆಂಗದ?"

ಚೆನ್ನಾಗೇ ಇತ್ತು. ಆದ್ರೆ ನಡುವೆ ದೊಡ್ಡ ಅಂಗಳ, ತುಂಬಾ ಬಿಸಿಲು!

"ತಮ್ಮಾ, ಇದು ದಿಲ್ಲಿ ಮಸೀದಿ ಆತಲ್ಲೋ" ಅಂದೆ.

ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. 1367ರ ಈ ಮಸೀದಿಗೆ ತೆರೆದ ಅಂಗಳವೇ ಇಲ್ಲ; ಇಡೀ ಕಟ್ಟಡಕ್ಕೆ ಗುಮ್ಮಟಗಳ ಸೂರು. ಬೆಳಕು ಬರೋದು ಪಕ್ಕದ ಅಗಲವಾದ ಕಮಾನುಗಳಿಂದ. ಅದೇ ಇದರ ವಿಶೇಷ, ಅದನ್ನೇ ಇವನು ಬಿಟ್ಟಿದ್ದ.

ಬೆಳಿಗ್ಗೆ ಕರ್ಕೊಂಡು ಹೋದೆ. ಮಾತಾಡದೆ ನೆರಳು ನೋಡ್ತಾ ನಿಂತ. ರಾತ್ರಿ ಅಂಗಳ ಅಳಿಸಿ ಸೂರು ಮುಚ್ಚಿದ.

ಇಲ್ಲೇ ಬೆಳೆದ ನಾನೂ ಒಳಗೆ ಹೋಗಿದ್ದು ಅದು ಎರಡನೇ ಸಲವಷ್ಟೇ. ನಿಮ್ಮೂರಿನ ಕೋಟೆಗೆ ನೀವು ಹೋಗಿ ಎಷ್ಟು ವರ್ಷ ಆಯ್ತು?