ಎ ದೊಡ್ಡದು, ಬಿ ಚಿಕ್ಕದು, ಸಿ ಮಧ್ಯದ್ದು 🚐 (ಹೆಸರಿನ ಹಿಂದೆ – ಭಾಗ 4)

ಎ, ಬಿ, ಸಿ ಅಂತ ಮೂರು ಸೈಜ್ ಇದ್ರೆ ಸಿ ಎಲ್ಲಕ್ಕಿಂತ ಚಿಕ್ಕದು ಅಂತ ತಾನೇ ಅಂದ್ಕೋತೀವಿ? ಅಮೆರಿಕದ ಮೋಟರ್‌ಹೋಮ್ ವಿಷಯದಲ್ಲಿ ಈ ಉತ್ತರಕ್ಕೆ ಸೊನ್ನೆ ಮಾರ್ಕ್ಸ್. ಅಲ್ಲಿ ಚಿಕ್ಕದು ಬಿ!

ಯಾಕಂದ್ರೆ ಆ ಅಕ್ಷರ ಅಳತೆಯದ್ದಲ್ಲ. ಯಾವ ಗಾಡಿಯಿಂದ ಕಟ್ಟೋಕೆ ಶುರು ಮಾಡಿದ್ರು ಅನ್ನೋದರದ್ದು. ಬಸ್ಸು ಅಥವಾ ಲಾರಿಯ ಬರೀ ಚಾಸಿ ತಂದು, ಅದರ ಮೇಲೆ ಪೂರ್ತಿ ಮನೆ ಕಟ್ಟಿದ್ರೆ ಎ. ರೆಡಿ ವ್ಯಾನ್ ಒಳಗೇ ಹಾಸಿಗೆ, ಒಲೆ, ಸಿಂಕ್ ಕೂರಿಸಿದ್ರೆ ಬಿ. ಮುಂದೆ ಡ್ರೈವರ್ ಕ್ಯಾಬಿನ್ ಮಾತ್ರ ಇರೋ ವ್ಯಾನ್ ತಗೊಂಡು ಹಿಂದೆ ಮನೆ ಕಟ್ಟಿದ್ರೆ ಸಿ. ಇದರಲ್ಲಿ ಸಾಮಾನ್ಯವಾಗಿ ಡ್ರೈವರ್ ತಲೆ ಮೇಲೇ ಒಂದು ಹಾಸಿಗೆ ಇರುತ್ತೆ. ಜರ್ಮನ್ನರು ಆ ಹಾಸಿಗೆಯಿಂದಲೇ ಗಾಡಿಗೆ 'ಆಲ್ಕೋವನ್' ಅಂತ ಹೆಸರಿಟ್ಟಿದ್ದಾರೆ. ನಂಗಂತೂ ಅಕ್ಷರಕ್ಕಿಂತ ಇದೇ ವಾಸಿ ಅನ್ಸುತ್ತೆ, ಕೇಳಿದ ತಕ್ಷಣ ಗಾಡಿ ಕಣ್ಮುಂದೆ ಬರುತ್ತೆ.

ಬಿ ಥರದ ಗಾಡಿಗೆ ಒಳ್ಳೇ ಉದಾಹರಣೆನೂ ಜರ್ಮನಿಯದ್ದೇ. 1951ರಲ್ಲಿ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿಗೆ 'ಕ್ಯಾಂಪಿಂಗ್ ಬಾಕ್ಸ್' ಮಾಡ್ತು. ವಾರವಿಡೀ ವ್ಯಾನಲ್ಲಿ ಸಾಮಾನು ಸಾಗಿಸಿ, ರಜೆ ಬಂದಾಗ ಬಾಕ್ಸ್ ಕೂರಿಸಿ ಟೂರ್ ಹೊರಡೋದು. ಒಂದೇ ಆಸ್ತಿ, ಎರಡು ಉಪಯೋಗ. (ಬಿಕಾಂ ಬುದ್ಧಿ, ಬಿಡಲ್ಲ 😅)

ಈಗ ಎ ಕಥೆ. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ ಅನ್ನೋ ಸಣ್ಣ ಊರು. ಅಲ್ಲಿ 1958ರಲ್ಲಿ ಟ್ರೇಲರ್ ಫ್ಯಾಕ್ಟರಿ ಶುರುವಾಯ್ತು. ಅದನ್ನ ಬೆಳೆಸಿದ ಜಾನ್ ಹ್ಯಾನ್ಸನ್ ಫರ್ನಿಚರ್ ವ್ಯಾಪಾರಿ. ಬಿಡಿಭಾಗಗಳನ್ನ ತಾವೇ ಮಾಡ್ಕೊಂಡು, 1966ರಿಂದ ಸಾಲಾಗಿ ಮೋಟರ್‌ಹೋಮ್ ಜೋಡಿಸತೊಡಗಿದ್ರು. ಬೆಲೆ ಬೇರೆಯವರದ್ದರ ಹೆಚ್ಚುಕಡಿಮೆ ಅರ್ಧ. ಎಷ್ಟು ಮಾರಾಟ ಆಯ್ತು ಅಂದ್ರೆ, ಕಂಪನಿ ಹೆಸರೇ ಗಾಡಿಯ ಹೆಸರಾಗಿಬಿಡ್ತು, ನಾವು ಜೆರಾಕ್ಸ್ ಅಂತೀವಲ್ಲ ಹಾಗೆ. ಆ ಹೆಸರು: ವಿನ್ನೆಬೇಗೊ.

ಅದು ಆ ಊರಿರೋ ಕೌಂಟಿಯ ಹೆಸರು. ಕೌಂಟಿಗೆ ಆ ಹೆಸರು ಬಂದಿದ್ದು ಒಂದು ಮೂಲನಿವಾಸಿ ಜನಾಂಗದಿಂದ. ಅವರು ತಮ್ಮನ್ನ ಕರ್ಕೊಳ್ಳೋದು ಹೋ-ಚಂಕ್ ಅಂತ. 'ವಿನ್ನೆಬೇಗೊ' ಅಕ್ಕಪಕ್ಕದ ಜನಾಂಗದವರು ಇಟ್ಟ ಹೆಸರು, ಅರ್ಥ ಹೆಚ್ಚುಕಡಿಮೆ 'ನಾರುವ ನೀರಿನವರು'.

ಅವರ ನೆಲ ವಿಸ್ಕಾನ್ಸಿನ್. 1830ರ ದಶಕದಲ್ಲಿ ಒಪ್ಪಂದಗಳ ಹೆಸರಲ್ಲಿ ಸರ್ಕಾರ ಅವರನ್ನ ಅಲ್ಲಿಂದ ಎಬ್ಬಿಸ್ತು. ಮೊದಲು ಅಯೋವಾ, ಆಮೇಲೆ ಮಿನ್ನೆಸೋಟ. 1863ರಲ್ಲಿ ಅಲ್ಲಿಂದಲೂ ಓಡಿಸಿ ಈಗಿನ ಸೌತ್ ಡಕೋಟಾದ ಬರಡು ಜಾಗಕ್ಕೆ. ಕೊನೆಗೆ 1865ರಲ್ಲಿ ನೆಬ್ರಾಸ್ಕಾದಲ್ಲಿ ಒಂದು ತುಂಡು ಜಮೀನು. ಎಷ್ಟೋ ಜನ ಪ್ರತಿ ಸಲ ವಿಸ್ಕಾನ್ಸಿನ್‌ಗೆ ವಾಪಸ್ ಬರ್ತಾನೇ ಇದ್ರು.

ಮನೆಯಲ್ಲಿ ನಿಲ್ಲೋಕೇ ಬಿಡದೆ ಓಡಿಸಿದ ಜನರ ಹೆಸರು, ರಜೆಗೆ ಓಡಾಡೋ ಮನೆಯ ಮೇಲೆ. ಇದನ್ನ ಓದಿದ ದಿನ ಎ, ಬಿ, ಸಿ ಜೋಕೆಲ್ಲ ಮರ್ತೇ ಹೋಯ್ತು ನಂಗೆ.

1994ರಲ್ಲಿ ವಿಸ್ಕಾನ್ಸಿನ್‌ನವರು ಅಧಿಕೃತವಾಗಿ 'ಹೋ-ಚಂಕ್ ನೇಷನ್' ಆದ್ರು. ನೆಬ್ರಾಸ್ಕಾದವರು ದಾಖಲೆಯಲ್ಲಿ ಇವತ್ತಿಗೂ ವಿನ್ನೆಬೇಗೊ. ಕಂಪನಿಯೂ.

#ಹೆಸರಿನಹಿಂದೆ #ಇತಿಹಾಸ #ಕನ್ನಡದಲ್ಲಿ